ತಗ್ಗು ಮುಚ್ಚುವ ಕ್ರಮ



ಕಾಫಿ ತೋಟಗಳ ನಾಡಾದ ನಮ್ಮ ಚಿಕ್ಕಮಗಳೂರಿನಲ್ಲಿ ಗಾಲ್ಫ್ ಮೈದಾನವೂ ಇದೆ. ಆ ಆಟ ಆಡುವವರು ನಮ್ಮಲ್ಲಿ ಕೆಲವರೇ. ಆದರೆ ಅದರ ಶಿಷ್ಟಾಚಾರ ಎಲ್ಲ ಕುಟುಂಬಗಳಿಗೂ ಪಾಠವಾಗಬಲ್ಲದು.

ಚೆಂಡು ಸೇರಬೇಕಾದ ಕುಳಿಯ ಅಗಲ ಕೇವಲ 108 ಮಿಲಿಮೀಟರ್. ಅದರ ಸುತ್ತ ಹುಲ್ಲನ್ನು ನುಣ್ಣಗೆ ಕತ್ತರಿಸಿದ ನೆಲಕ್ಕೆ ಗ್ರೀನ್ ಎನ್ನುತ್ತಾರೆ. ಅಲ್ಲಿ ಒಬ್ಬರ ಚೆಂಡು ಉರುಳಬೇಕಾದ ದಾರಿಯನ್ನು ಇನ್ನೊಬ್ಬರು ತುಳಿಯಬಾರದು. ಆ ದಾರಿಯ ಮೇಲೆ ತಮ್ಮ ನೆರಳೂ ಬೀಳದಂತೆ ಮೌನವಾಗಿ ನಿಲ್ಲಬೇಕು. ಮೇಲಿನಿಂದ ಬಿದ್ದ ತಮ್ಮ ಚೆಂಡು ನೆಲದಲ್ಲಿ ತಗ್ಗು ಮಾಡಿದರೆ ತಾವೇ ಸರಿಪಡಿಸಬೇಕು. ಅದಕ್ಕೂ ಕ್ರಮವುಂಟು. ತಗ್ಗಿನ ತಳವನ್ನು ಮೀಟಿ ಎಬ್ಬಿಸಿದರೆ ಬೇರು ಹರಿದು ಹುಲ್ಲು ಒಣಗುತ್ತದೆ. ಅಂಚಿನ ಹುಲ್ಲನ್ನು ಮೆಲ್ಲಗೆ ನಡುವಿಗೆ ಕೂಡಿಸಿ ಒತ್ತಿದರೆ ಬೇಗ ಚೇತರಿಸಿಕೊಳ್ಳುತ್ತದೆ. 2019ರ ನಿಯಮಗಳ ಪ್ರಕಾರ ಬೇರೆಯವರ ಬೂಟಿನ ಗುರುತನ್ನೂ ಸರಿಪಡಿಸಬಹುದು.

ನಮ್ಮ ಮನೆಗಳಲ್ಲಿ ನಡೆಯುವುದೇನು? ತೋಟ ಪಾಲಾದ ದಿನ ಆಡಿದ ಒಂದು ಮಾತಿಗೆ ಅಣ್ಣತಮ್ಮಂದಿರು ಒಂದೇ ದೇವಾಲಯದಲ್ಲಿ ದೂರ ದೂರದ ಬೆಂಚು ಹಿಡಿಯುತ್ತಾರೆ. ರಾಜಿಗೆ ಕುಳಿತರೂ, ಅಂದು ನೀನು ಹೀಗೆ ಅಂದೆಯಲ್ಲ ಎಂದು ತಳವನ್ನೇ ಮೀಟುತ್ತಾರೆ. ಬೇರು ಮತ್ತಷ್ಟು ಹರಿಯುತ್ತದೆ.

ಕಾಣಿಕೆಯನ್ನು ಪೀಠದ ಮುಂದೆಯೇ ಬಿಟ್ಟು ಮೊದಲು ಸಹೋದರನೊಡನೆ ಒಂದಾಗಬೇಕೆಂದು ಯೇಸುಸ್ವಾಮಿ ಬೋಧಿಸಿದರು (ಮತ್ತಾಯ 5:23-24). ಮನಸ್ತಾಪ ಅವನಿಗಿದ್ದರೂ ಎದ್ದು ಹೋಗಬೇಕಾದವರು ನಾವು. ತಪ್ಪು ಯಾರದೆಂಬ ಲೆಕ್ಕ ಆಮೇಲಿರಲಿ.

ಈ ಭಾನುವಾರ ಪೂಜೆ ಮುಗಿದ ಮೇಲೆ ಆ ದೂರದ ಬೆಂಚಿನವರೆಗೆ ನಡೆಯೋಣ. ದೊಡ್ಡ ಮಾತು ಬೇಡ. “ಬಾರಣ್ಣ, ಮನೆಗೆ ಹೋಗಿ ಕಾಫಿ ಕುಡಿಯೋಣ” ಎಂದರೆ ಸಾಕು.