ಚಪ್ಪಲಿ ಬಿಡುವ ಜಾಗ

ಕಳೆದ ಮಳೆಗಾಲದ ಒಂದು ಭಾನುವಾರ ಪುಣೆಯ ಕೋಥ್ರೂಡಿನ ಫ್ಲ್ಯಾಟೊಂದರಲ್ಲಿ ನಾವು ಹದಿನಾಲ್ಕು ಮಂದಿ ಸೇರಿದ್ದೆವು. ನಮ್ಮನ್ನು ಒಟ್ಟು ಮಾಡಿದ್ದು ಒಂದೇ ಸಂಗತಿ: ಬುದ್ಧಿಮತ್ತೆಯ ಪರೀಕ್ಷೆಯಲ್ಲಿ ಎಲ್ಲರೂ ನೂರಕ್ಕೆ 98 ಮಂದಿಗಿಂತ ಮೇಲೆ ಬಂದವರು. ಇಂಥವರು ಸೇರಿ ಏನು ಮಾಡುತ್ತಾರೆ? ಕಾಂದಾ ಭಜಿ ತಿನ್ನುತ್ತಾರೆ. ಬ್ಯಾಂಕಿನಲ್ಲಿರುವ ಒಬ್ಬರು ನದಿಯ ದಂಡೆಯಲ್ಲಿ ತೆಗೆದ ಹಕ್ಕಿಗಳ ಫೋಟೊ ತೋರಿಸುತ್ತಾರೆ, ಅರ್ಧಕ್ಕರ್ಧ ಮಸುಕು. ಕಾಲೇಜು ಹುಡುಗಿಯೊಬ್ಬಳು ತಾನು ಬರೆದ ದೆವ್ವದ ಕತೆ ಓದುತ್ತಾಳೆ. ದೆವ್ವ ಯಾರೆಂಬುದು ಎರಡನೇ ಪುಟಕ್ಕೇ ಎಲ್ಲರಿಗೂ ಗೊತ್ತಾಗಿರುತ್ತದೆ, ಆದರೂ ಕೊನೆಗೆ ಚಪ್ಪಾಳೆ ಬೀಳುತ್ತದೆ. ಇನ್ನೊಬ್ಬರು ಕಾಗದ ಮಡಚಿ ಏಡಿ ಮಾಡುತ್ತಾರೆ, ಅದಕ್ಕೆ ಒಂದು ಕಾಲು ಕಮ್ಮಿ. ನಾನು ಮೊದಲ ಸಲ ಹೋಗಿ ಬಂದು ಇದನ್ನೆಲ್ಲ ವರದಿ ಮಾಡಿದಾಗ ನನ್ನ ಹೆಂಡತಿ, "ಇಷ್ಟು ಮಾಡಾಕ ಪರೀಕ್ಷಾ ಯಾಕ ಬೇಕಾಗಿತ್ತು?" ಎಂದು ಕೇಳಿ ನಕ್ಕಿದ್ದಳು. ನಾನೂ ನಕ್ಕಿದ್ದೆ.

ಇಂಥ ಸಂಘಗಳಲ್ಲಿ ಹೆಚ್ಚು ಹೆಸರಾದದ್ದು ಮೆನ್ಸಾ. 1946ರಲ್ಲಿ ಆಕ್ಸ್‌ಫರ್ಡಿನಲ್ಲಿ ರೋಲಂಡ್ ಬೆರಿಲ್ ಮತ್ತು ಲ್ಯಾನ್ಸ್‌ಲಾಟ್ ವೇರ್ ಎಂಬಿಬ್ಬರು ಕಟ್ಟಿದ್ದು. ಲ್ಯಾಟಿನ್ ಭಾಷೆಯಲ್ಲಿ ಮೆನ್ಸಾ ಎಂದರೆ ಮೇಜು. ದುಂಡು ಮೇಜಿನ ಸುತ್ತ ಕೂತವರಲ್ಲಿ ಮೇಲು ಕೀಳು ಇರುವುದಿಲ್ಲ ಎಂಬುದು ಆಶಯ. ನಿನ್ನ ಕುಲ ಯಾವುದು, ಕಸುಬು ಯಾವುದು, ಎಷ್ಟು ಓದಿದ್ದೀ ಎಂದು ಅಲ್ಲಿ ಕೇಳುವುದಿಲ್ಲ. ಅಂಕ ಒಂದನ್ನೇ ನೋಡುತ್ತಾರೆ. ಸಂಘಕ್ಕೆ ತನ್ನದೇ ಆದ ರಾಜಕೀಯವಿಲ್ಲ, ಮತವಿಲ್ಲ, ಯಾವ ವಿಷಯದಲ್ಲೂ ಸಂಘದ ಅಭಿಪ್ರಾಯ ಎಂಬುದೇ ಇಲ್ಲ. ಹಾಗಾಗಿ ಒಳಗೆ ಬಂದವರಿಗೆ ಕೊನೆಗೆ ಉಳಿಯುವುದು ಹವ್ಯಾಸಗಳೇ. ಚೆಸ್ ಸಂಘಕ್ಕೆ ಚೆಸ್ ಇದೆ, ಚಾರಣ ಸಂಘಕ್ಕೆ ಬೆಟ್ಟವಿದೆ. ಬುದ್ಧಿವಂತರ ಸಂಘಕ್ಕೆ ಬುದ್ಧಿಯೇ ವಿಷಯವಾದರೆ ಹತ್ತು ನಿಮಿಷದಲ್ಲಿ ಮಾತು ಮುಗಿಯುತ್ತದೆ. ಆಮೇಲೆ ಯಾರಾದರೂ ಹಕ್ಕಿಯ ಫೋಟೊ ತೆಗೆಯಲೇಬೇಕು.

ಹೊರಗಿನವರಿಗೆ ಇದು ತಮಾಷೆಯಾಗಿ ಕಾಣುತ್ತದೆ. ಆದರೆ ಒಳಗೆ ಹೋದವನಿಗೆ ಅದರ ಇನ್ನೊಂದು ಮುಖವೂ ಗೊತ್ತು. ಧಾರವಾಡದ ನಮ್ಮ ಶಾಲೆಯಲ್ಲಿ ಮಾಸ್ತರರು ಪ್ರಶ್ನೆ ಮುಗಿಸುವ ಮೊದಲೇ ಉತ್ತರ ಹೇಳಿ ನಾನು ಬೈಸಿಕೊಂಡದ್ದುಂಟು, ಗೆಳೆಯರಿಂದ ಪೆಟ್ಟು ತಿಂದದ್ದೂ ಉಂಟು. ಆಫೀಸಿನಲ್ಲಿ ನಾನು ಬಾಯಿ ತೆರೆದರೆ ಅದು ಸರಿಯಾಗಿಯೇ ಇರಬೇಕೆಂದು ಎಲ್ಲರ ನಿರೀಕ್ಷೆ. ಆ ಕೂಟದಲ್ಲಿ ಯಾರೂ ಯಾರಿಗೂ ಏನನ್ನೂ ಸಾಬೀತು ಮಾಡಬೇಕಾಗಿಲ್ಲ, ಅದು ಬಾಗಿಲಲ್ಲೇ ಮುಗಿದುಹೋಗಿದೆ. ಅದಕ್ಕೇ ಒಬ್ಬ ಮಧ್ಯವಯಸ್ಕ ತನ್ನ ಮಸುಕು ಫೋಟೊಗಳನ್ನು ನಾಚಿಕೆಯಿಲ್ಲದೆ ಹರಡಿ ಕೂರಬಲ್ಲ. ಕೆಟ್ಟದಾಗಿ ಮಾಡಿಯೂ ಮರ್ಯಾದೆ ಉಳಿಸಿಕೊಳ್ಳಬಹುದಾದ ಜಾಗಗಳು ಪೇಟೆಯ ಬದುಕಿನಲ್ಲಿ ಬಹಳ ಇಲ್ಲ. ಈ ಸುಖವನ್ನು ನಾನು ಸುಳ್ಳೆನ್ನಲಾರೆ.

ಆದರೆ ಅದರ ಬಾಗಿಲು ವಿಚಿತ್ರವಾದದ್ದು. ಪುಣೆಯಲ್ಲಿ ನಮ್ಮ ಕನ್ನಡದವರ ಕೂಟಗಳೂ ಒಂದು ಬಗೆಯ ಬಾಗಿಲೇ. ಆದರೆ ಕನ್ನಡ ಕಲಿತವನನ್ನು ಯಾರೂ ಹೊರಗೆ ನಿಲ್ಲಿಸುವುದಿಲ್ಲ. ಊರಿಗೆ ಊರೇ ಕಲಿತರೂ ಜಾಗ ಸಾಲದು ಎನ್ನುವವರಿಲ್ಲ. ಮೇಲಿನ ಎರಡು ಪ್ರತಿಶತ ಎಂಬುದು ಹಾಗಲ್ಲ. ನಾಳೆ ಬೆಳಗಾಗುವುದರೊಳಗೆ ಲೋಕದವರೆಲ್ಲ ಇಮ್ಮಡಿ ಜಾಣರಾದರೂ ನೂರರಲ್ಲಿ 98 ಮಂದಿ ಹೊರಗೇ ನಿಲ್ಲಬೇಕು. ಇದು ಬರೀ ಊಹೆಯ ಮಾತಲ್ಲ. ಇಪ್ಪತ್ತನೇ ಶತಮಾನದುದ್ದಕ್ಕೂ ಹಲವು ದೇಶಗಳಲ್ಲಿ ಈ ಪರೀಕ್ಷೆಗಳ ಅಂಕ ತಲೆಮಾರಿನಿಂದ ತಲೆಮಾರಿಗೆ ಏರುತ್ತಲೇ ಬಂದದ್ದನ್ನು ಜೇಮ್ಸ್ ಫ್ಲಿನ್ ಎಂಬ ವಿದ್ವಾಂಸರು ತೋರಿಸಿಕೊಟ್ಟರು. ಪರೀಕ್ಷೆ ಮಾಡುವವರು ಆಗಾಗ ಅಳತೆಗೋಲನ್ನು ತಿದ್ದಿ ಸರಾಸರಿಯನ್ನು ಮತ್ತೆ 100ಕ್ಕೆ ತಂದರು. ಬಾಗಿಲು ಮಾತ್ರ ಅಷ್ಟೇ ಕಿರಿದಾಗಿ ಉಳಿಯಿತು. ಮೆನ್ಸಾಕ್ಕೆ ಗೌರವ ಉಪಾಧ್ಯಕ್ಷರಾಗಿದ್ದ ಐಸಾಕ್ ಅಸಿಮೋವ್ ತಮ್ಮ ಕಾರು ರಿಪೇರಿ ಮಾಡುತ್ತಿದ್ದವನ ಬಗ್ಗೆ ಒಂದು ಪುಟ್ಟ ಪ್ರಬಂಧ ಬರೆದಿದ್ದಾರೆ. ಪ್ರಶ್ನೆಪತ್ರಿಕೆಯನ್ನು ಬಡಗಿಯೋ ರೈತನೋ ತಯಾರಿಸಿದ್ದರೆ ತಾವು ದಡ್ಡರೆಂದೇ ತೀರ್ಮಾನವಾಗುತ್ತಿತ್ತು ಎಂಬುದು ಅವರ ಮಾತಿನ ಸಾರ. ಚೆನ್ನಾಗಿದೆ. ಆದರೂ ಉಪಾಧ್ಯಕ್ಷರಾಗಿ ಕೂತವರು ಹೇಳುವಾಗ ಆ ಮಾತಿಗೆ ಖರ್ಚಿಲ್ಲ ಅನ್ನಿಸುತ್ತದೆ. ನಾನೂ ಅದನ್ನು ಕೂಟದಲ್ಲಿ ಎರಡು ಮೂರು ಸಲ ಹೇಳಿದ್ದೇನೆ. ಎಲ್ಲರೂ ತಲೆದೂಗಿದ್ದಾರೆ.

ಈಗ ನನ್ನ ತಮ್ಮನ ವಿಷಯಕ್ಕೆ ಬರುತ್ತೇನೆ. ನನಗಿಂತ ಐದು ವರ್ಷ ಚಿಕ್ಕವನು, ಧಾರವಾಡದಲ್ಲಿ ಅವ್ವನ ಜೊತೆ ಇದ್ದಾನೆ. ಅವನಿಗೆ ಒಂಬತ್ತು ವರ್ಷವಾದಾಗ ಶಾಲೆಯವರು ಹೇಳಿದರೆಂದು ಅವನನ್ನೂ ಪರೀಕ್ಷೆಗೆ ಕೂರಿಸಿದರು. ಅದು ಬಿನೆ–ಕಾಮತ್ ಪರೀಕ್ಷೆ. ಪ್ಯಾರಿಸ್ಸಿನ ಆಲ್ಫ್ರೆಡ್ ಬಿನೆ 1905ರಲ್ಲಿ ಇಂಥ ಮೊದಲ ಪರೀಕ್ಷೆ ರೂಪಿಸಿದ್ದು ಜಾಣರನ್ನು ಆರಿಸಲಿಕ್ಕಲ್ಲ, ಶಾಲೆಯಲ್ಲಿ ಯಾವ ಮಕ್ಕಳಿಗೆ ಹೆಚ್ಚಿನ ನೆರವು ಬೇಕು ಎಂದು ತಿಳಿಯಲಿಕ್ಕೆ. ಅದರ ಮುಂದಿನ ರೂಪವನ್ನು ಕನ್ನಡ ಮತ್ತು ಮರಾಠಿ ಮಕ್ಕಳಿಗೆ ಒಗ್ಗಿಸಿದವರು ವಿ. ವಿ. ಕಾಮತ್, 1930ರ ದಶಕದಲ್ಲಿ, ನಮ್ಮ ಧಾರವಾಡದ ಕಡೆಯ ಮಕ್ಕಳ ಮೇಲೆಯೇ. ಇದೆಲ್ಲ ನಾನು ಆಮೇಲೆ ಓದಿ ತಿಳಿದದ್ದು. ಅವತ್ತು ನಾನು ಹದಿನಾಲ್ಕು ವರ್ಷದವನು, ಹೊರಗೆ ಬೆಂಚಿನ ಮೇಲೆ ಅವ್ವನ ಪಕ್ಕ ಕೂತಿದ್ದೆ. ಒಳಗೆ ಒಬ್ಬ ಬಾಯಿ ಅಂಕಿಗಳನ್ನು ನಿಧಾನವಾಗಿ ಹೇಳುತ್ತಿದ್ದರು: ಆರು, ಒಂದು, ಎಂಟು, ಮೂರು. ತಮ್ಮ ಅವನ್ನು ತಿರುಗಿ ಹೇಳಬೇಕು. ಅವನು ಎರಡು ಹೇಳಿ ನಿಲ್ಲುತ್ತಿದ್ದ. ಬಾಗಿಲ ಈಚೆ ಕೂತು ನಾನು ಮನಸ್ಸಿನಲ್ಲೇ ಎಲ್ಲವನ್ನೂ ತಪ್ಪಿಲ್ಲದೆ ಹೇಳುತ್ತಿದ್ದೆ. ಹಿಂದುಮುಂದಾಗಿಯೂ ಹೇಳಿದೆ. ಅವ್ವ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಬಿಚ್ಚುತ್ತ ಇದ್ದಳು. ನನಗೆ ಆಗುತ್ತಿದ್ದದ್ದು ಖುಷಿ. ಮುಚ್ಚಿಡುವುದರಲ್ಲಿ ಅರ್ಥವಿಲ್ಲ, ಖುಷಿಯೇ.

ಅವನ ಅಂಕ 70ಕ್ಕಿಂತ ಕೆಳಗೆ ಬಂತು. ಆ ಕಾಗದದಿಂದ ಮುಂದೆ ಬಸ್ ಪಾಸು ಸಿಕ್ಕಿತು, ಮಾಸಾಶನ ಸಿಕ್ಕಿತು. ಹಾಗಾಗಿ ಅಳತೆಯೇ ಪಾಪ ಎಂದು ನಾನು ಹೇಳುವುದಿಲ್ಲ. ಬಿನೆಯ ಮೂಲ ಉದ್ದೇಶ ಅಲ್ಲಿ ಒಂದಿಷ್ಟು ನೆರವೇರಿತು. ಸರಾಸರಿ 100 ಎಂದಿಟ್ಟುಕೊಂಡರೆ 130ರಿಂದ ಮೇಲೆ ನೂರರಲ್ಲಿ ಸುಮಾರು ಇಬ್ಬರು, 70ರಿಂದ ಕೆಳಗೂ ಸುಮಾರು ಇಬ್ಬರು. ನಾವಿಬ್ಬರು ಅಣ್ಣತಮ್ಮಂದಿರು ನಡುವಿನಿಂದ ಹೆಚ್ಚುಕಮ್ಮಿ ಸಮದೂರದಲ್ಲಿದ್ದೇವೆ. ಒಂದು ತುದಿಯ ಕಾಗದಕ್ಕೆ ಬಸ್ ಪಾಸು, ಇನ್ನೊಂದು ತುದಿಯ ಕಾಗದಕ್ಕೆ ಭಜಿ, ಹಕ್ಕಿ, ದೆವ್ವದ ಕತೆ.

ತಮ್ಮನಿಗೂ ಹವ್ಯಾಸವಿದೆ. ಅವನು ಚಪ್ಪಲಿಗಳ ಫೋಟೊ ತೆಗೆಯುತ್ತಾನೆ. ನನ್ನ ಹಳೇ ಮೊಬೈಲು ಅವನ ಬಳಿ ಇದೆ. ಗುಡಿ, ಮಠ, ಮದುವೆ ಮನೆ, ಸತ್ತವರ ಮನೆ, ದವಾಖಾನೆ, ಎಲ್ಲಿ ಜನ ಚಪ್ಪಲಿ ಬಿಡುತ್ತಾರೋ ಅಲ್ಲಿ ನಿಂತು ತೆಗೆಯುತ್ತಾನೆ. ಮೇಲಿನಿಂದ, ನೆಟ್ಟಗೆ, ಯಾವ ಕಸರತ್ತೂ ಇಲ್ಲದೆ. ಕಳೆದ ವರ್ಷ ಊರಿಗೆ ಹೋದಾಗ ಮುನ್ನೂರು ಚಿಲ್ಲರೆ ಇದ್ದವು. ನಲವತ್ತನ್ನು ನನ್ನ ಫೋನಿಗೆ ಹಾಕಿಕೊಂಡು ಬಂದಿದ್ದೆ. ಆ ಭಾನುವಾರ, ಏಡಿಯ ನಂತರ, ಅವನ್ನು ಟಿವಿಗೆ ಜೋಡಿಸಿ ತೋರಿಸಿದೆ. ಯಾರವೆಂದು ಹೇಳಲಿಲ್ಲ.

ನಮ್ಮವರು ಎದ್ದು ಕೂತರು. ಇದು ಒಳಗೆ ಯಾರು ಹೊರಗೆ ಯಾರು ಎಂಬುದರ ಬಗ್ಗೆ ಎಂದರು ಒಬ್ಬರು. ಮುಖವಿಲ್ಲದೆ ತೆಗೆದ ಊರಿನ ಭಾವಚಿತ್ರ ಎಂದರು ಇನ್ನೊಬ್ಬರು. ಸಾವಿನ ಮನೆಯ ಮುಂದೆ ಚಪ್ಪಲಿಗಳು ಹೇಗೆಂದರೆ ಹಾಗೆ ಬಿದ್ದಿವೆ, ಮದುವೆ ಮನೆಯಲ್ಲಿ ಜೋಡಿಸಿಟ್ಟಿವೆ ಎಂಬುದನ್ನು ಆ ಕತೆಯ ಹುಡುಗಿ ಗುರುತಿಸಿದಳು; ನಾನು ಅದನ್ನು ನೋಡಿಯೇ ಇರಲಿಲ್ಲ. ತೆಗೆದವರು ಯಾರು ಎಂದು ಕೇಳಿದರು. ನನ್ನ ತಮ್ಮ ಎಂದೆ. ಮನೆಯೊಡತಿ ಸಹಜವಾಗಿ, ಮೆಚ್ಚುಗೆಯಿಂದಲೇ, "ತೋ ಪಣ ಮೆಂಬರ್ ಆಹೇ ಕಾ?" ಎಂದರು. ಅವನೂ ಸದಸ್ಯನೇ ಎಂದು.

"ಇಲ್ಲ, ಅವನು ಪರೀಕ್ಷೆಗೆ ಕೂತಿಲ್ಲ" ಎಂದೆ.

ಈ ಸುಳ್ಳನ್ನು ನಾನು ಯಾರಿಗಾಗಿ ಹೇಳಿದೆ? ತಮ್ಮನ ಮರ್ಯಾದೆಗಾಗಿ ಎಂದು ದಾರಿಯುದ್ದಕ್ಕೂ ಹೇಳಿಕೊಂಡೆ. ನಿಜ ಹೇಳಿದ್ದರೆ ಅದೇ ಫೋಟೊಗಳು ಅವರ ಕಣ್ಣಲ್ಲಿ ಬೇರೆಯಾಗುತ್ತಿದ್ದವು, ಊರಿನ ಭಾವಚಿತ್ರ ಹೋಗಿ 'ಪಾಪ, ಎಷ್ಟು ಚೆನ್ನಾಗಿ ತೆಗೆದಿದ್ದಾನೆ' ಆಗುತ್ತಿತ್ತು ಎಂಬ ಭಯ. ಆದರೆ ಆ ಮನೆಯಲ್ಲಿದ್ದವರು ಕೆಟ್ಟವರಲ್ಲ. ಅವರು ಹಾಗೆ ನೋಡುತ್ತಿದ್ದರೆಂದು ತೀರ್ಮಾನಿಸಿದವನು ನಾನು. ಹಾಗೆ ನೋಡುವವನು ನಾನೇ ಇರಬಹುದು. ಬೆಂಚಿನ ಮೇಲೆ ಕೂತು ಅಂಕಿ ಎಣಿಸಿದ ಹುಡುಗ ಇನ್ನೂ ಅಲ್ಲಿಂದ ಎದ್ದಿಲ್ಲ. ದಣಿದವನಿಗೆ ನೆರಳೆಂದು ಆ ಸಂಘಕ್ಕೆ ಹೋದೆ ಎಂದು ಮೇಲೆ ಬರೆದೆನಲ್ಲ, ಅದು ಅರ್ಧ ಸತ್ಯ. ಮಿಕ್ಕರ್ಧ, ಆ ಕಾಗದ ನನ್ನ ಕಪಾಟಿನಲ್ಲಿದೆ ಎಂಬ ಸಮಾಧಾನ. ಅಳತೆಯನ್ನು ನಂಬದವನ ಹಾಗೆ ಮಾತಾಡುತ್ತೇನೆ, ಅಳೆಸಿಕೊಂಡದ್ದನ್ನು ಮಾತ್ರ ಬಿಟ್ಟುಕೊಡಲಾರೆ. ಮುಂದಿನ ಸಲ ನಿಜ ಹೇಳಬೇಕೆಂದು ಹೋದೆ. ಮಾತು ಎಲ್ಲಿಂದ ಎಲ್ಲಿಗೋ ಹೋಯಿತು. ಹೇಳಲಿಲ್ಲ.

ತಮ್ಮನಿಗಾದರೂ ಫೋನಿನಲ್ಲಿ ಎಲ್ಲ ಹೇಳಿದೆ. ನಿನ್ನ ಫೋಟೊ ನೋಡಿ ಹೀಗೆ ಹೀಗೆ ಅಂದರು ಎಂದು. ಒಳಗು ಹೊರಗಿನ ಮಾತು ಅವನಿಗೆ ಹಿಡಿಸಲಿಲ್ಲ. ಯಾಕೆ ತೆಗೆಯುತ್ತೀ ಎಂದು ನಾನು ಅವನನ್ನು ಕೇಳಿದ್ದು ಅದೇ ಮೊದಲು. ಹಿಂದೊಮ್ಮೆ ಹುಬ್ಬಳ್ಳಿಯ ಮದುವೆಯೊಂದರಲ್ಲಿ ಅವ್ವನ ಹೊಸ ಚಪ್ಪಲಿ ಕಳೆದು ಅವಳು ಬರಿಗಾಲಲ್ಲಿ ಬಸ್ ಹತ್ತಿದ್ದಳಂತೆ. ನನಗೆ ನೆನಪೇ ಇರಲಿಲ್ಲ. "ಕಳದ್ರ ಹುಡುಕಾಕ ಬೇಕಲ್ಲ ಅಣ್ಣಾ" ಎಂದ. ಆಮೇಲೆ, "ನೀವು ಕೂಡಿದ್ರಲ್ಲ, ಅಲ್ಲೀವು ತಗದಿಯೇನು?"

ತೆಗೆದಿರಲಿಲ್ಲ. ಅದರ ಮುಂದಿನ ಕೂಟದ ದಿನ ಬಾಗಿಲಲ್ಲಿ ನಿಂತು ಒಂದು ಫೋಟೊ ತೆಗೆದು ಕಳಿಸಿದೆ. ಬೂಟುಗಳೇ ಹೆಚ್ಚು. ಹತ್ತು ನಿಮಿಷಕ್ಕೆ ಅವನ ಫೋನ್ ಬಂತು.

"ಹದಿಮೂರ ಜೋಡ ಅದಾವ. ಹದಿನಾಲ್ಕು ಮಂದಿ ಅಂದಿದ್ದಿ. ಒಬ್ಬರು ಬಂದಿಲ್ಲೇನು?"

ಹಕ್ಕಿ ಫೋಟೊದವರಿಗೆ ಜ್ವರ, ಬಂದಿಲ್ಲ ಎಂದೆ.

"ನಿನ್ನೂವು ಯಾವೂ ಅಂತ ಗೊತ್ತಾತು. ಬಲಗಾಲಿಂದು ಹಿಮ್ಮಡ ಸವದೈತಿ."