ಅಳತೆಯ ಸಾಕ್ಷಿ

ಬನ್ನೇರುಘಟ್ಟ ರಸ್ತೆಯ ಮಗ್ಗುಲಿನ ಅರೆಕೆರೆಯಲ್ಲಿ ಕೊಳವೆಬಾವಿಯ ನೀರನ್ನು ಬಳಸುವ ಮನೆಗಳವರಿಗೆ ಕ್ಯಾಲ್ಸಿಯಂ ಅಪರಿಚಿತ ಪದಾರ್ಥವಲ್ಲ. ಬೆಂಗಳೂರಿನ ತಳದಲ್ಲಿ ಹಾಸಿಕೊಂಡಿರುವ ಗ್ನೈಸ್ ಶಿಲೆಯ ಖನಿಜಗಳು ಇಂಗಿದ ಮಳೆನೀರಿನ ಸಹವಾಸದಿಂದ ಶಿಥಿಲವಾಗುತ್ತ ಬಿಟ್ಟುಕೊಟ್ಟ ಆ ಧಾತುವೇ ನಲ್ಲಿಯ ಬಾಯಲ್ಲಿ ಬಿಳಿಯ ಹಕ್ಕಳೆಯಾಗಿ ಕಟ್ಟುತ್ತದೆ, ಸಾಬೂನಿನ ನೊರೆಯನ್ನು ಕೆಡಿಸುತ್ತದೆ. ಕುಡಿಯುವ ನೀರಿನ ಒಂದು ಲೀಟರಿನಲ್ಲಿ ಅದು 75 ಮಿಲಿಗ್ರಾಂ ಮೀರದಿರುವುದು ಲೇಸೆಂದೂ, ಬೇರೆ ಜಲಮೂಲವಿಲ್ಲದಿದ್ದಲ್ಲಿ 200ರವರೆಗೆ ಸಹಿಸಬಹುದೆಂದೂ ಭಾರತೀಯ ಮಾನಕವು ವಿಧಿಸಿದೆ. ಆದರೆ ಕಣ್ಣಿಗೆ ತಿಳಿಯಾಗಿ ಕಾಣುವ ನೀರಿನಲ್ಲಿ ಇಂತಿಷ್ಟು ಇದೆಯೆಂದು ಹೇಳುವ ಅಧಿಕಾರ ಯಾರದು, ಹೇಳಿದುದನ್ನು ನಂಬುವುದಕ್ಕೆ ಆಧಾರವೇನು ಎಂದು ಕೇಳಹೊರಟರೆ, ರಸಾಯನಶಾಸ್ತ್ರದ ಅಂಗಳದಿಂದ ಹೊರಟವರು ನಮ್ಮ ಪ್ರಾಚೀನ ಪ್ರಮಾಣಶಾಸ್ತ್ರದ ಜಗುಲಿಗೆ ಬಂದು ನಿಲ್ಲುತ್ತೇವೆ.

1967ರಲ್ಲಿ ಅಮೆರಿಕದ ರಾಸ್ ಎಂಬ ವಿಜ್ಞಾನಿ ದ್ರವರೂಪದ ಅಯಾನು ವಿನಿಮಯಕಾರಕದಿಂದ ಕ್ಯಾಲ್ಸಿಯಮನ್ನು ಅಳೆಯುವ ಎಲೆಕ್ಟ್ರೋಡೊಂದನ್ನು ರಚಿಸಿ ಪ್ರಕಟಿಸಿದರು. ಅನಂತರ ಜೂರಿಕ್ ನಗರದ ವಿಲ್‌ಹೆಲ್ಮ್ ಸೈಮನ್ ಅವರ ಪ್ರಯೋಗಶಾಲೆಯು ಕ್ಯಾಲ್ಸಿಯಮನ್ನೇ ಆಯ್ದು ಹಿಡಿಯಬಲ್ಲ ಅಣುಗಳನ್ನು ನಿರ್ಮಿಸಿತು. ಅಂಥ ಅಣುಗಳನ್ನು ಗರ್ಭೀಕರಿಸಿಕೊಂಡ ತೆಳುವಾದ ಪೊರೆಯ ಒಳಮಗ್ಗುಲಿಗೆ ಗೊತ್ತಿರುವ ದ್ರಾವಣ, ಹೊರಮಗ್ಗುಲಿಗೆ ಪರೀಕ್ಷೆಗೆ ಬಂದ ನೀರು; ಎರಡು ಕಡೆಯ ಅಯಾನುಗಳ ಕ್ರಿಯಾಶಕ್ತಿಯಲ್ಲಿ ಅಂತರವಿದ್ದರೆ ಪೊರೆಯ ಆಚೀಚೆ ವಿದ್ಯುದ್ವಿಭವವೊಂದು ಉದಿಸುತ್ತದೆ. ನರ್ನ್‌ಸ್ಟ್ ಸೂತ್ರದಂತೆ 25 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಕ್ರಿಯಾಶಕ್ತಿಯು ಹತ್ತು ಮಡಿಯಾದರೆ ವಿಭವ ಏರುವುದು ಸುಮಾರು 29.6 ಮಿಲಿವೋಲ್ಟ್ ಮಾತ್ರ. ಒಂದೇ ಮಿಲಿವೋಲ್ಟಿನ ಪ್ರಮಾದವು ಫಲಿತಾಂಶದಲ್ಲಿ ಶೇಕಡ 8ರಷ್ಟಾಗಿ ಬೆಳೆಯುವುದು.

ಮಿಲಿವೋಲ್ಟು ತನ್ನಷ್ಟಕ್ಕೆ ತಾನು ಏನನ್ನೂ ನುಡಿಯದು. ಆದುದರಿಂದ ಪರೀಕ್ಷಕನು ಬಲವು ಮೊದಲೇ ಗೊತ್ತಿರುವ ದ್ರಾವಣಗಳನ್ನು ಸಾಲಾಗಿ ಇಟ್ಟುಕೊಂಡು, ಎಲೆಕ್ಟ್ರೋಡನ್ನು ಬಟ್ಟಿ ಇಳಿಸಿದ ನೀರಿನಲ್ಲಿ ತೊಳೆದು, ತುದಿಯ ಹನಿಯನ್ನು ಉಜ್ಜದೆ ಮೆಲ್ಲಗೆ ಒತ್ತಿ ತೆಗೆದು, ಒಂದೊಂದರಲ್ಲೂ ಅದ್ದಿ, ಅಂಕೆಯ ಅಲುಗಾಟ ನಿಲ್ಲುವವರೆಗೂ ಕಾದು ಬರೆದುಕೊಳ್ಳುತ್ತಾನೆ. ಅರೆಕೆರೆಯ ನೀರಿನ ಸರದಿ ಆಮೇಲಿನದು. ಆ ದ್ರಾವಣಗಳು ಸರಿಯೆಂದವರಾರು? ತಕ್ಕಡಿ. ತಕ್ಕಡಿ ಸರಿಯೆಂದುದು? ತೂಕದ ಕಲ್ಲು. ಕಲ್ಲಿಗೆ ಮತ್ತೊಂದು ಕಲ್ಲು. ತಾರ್ಕಿಕರು ಅನವಸ್ಥಾದೋಷವೆಂದು ಹೆಸರಿಟ್ಟದ್ದು ಇದಕ್ಕೇ.

ಜ್ಞಾನದ ಪ್ರಾಮಾಣ್ಯವು ಅನ್ಯಸಾಧನದಿಂದ ತಿಳಿಯತಕ್ಕದ್ದೆಂದು ನೈಯಾಯಿಕರೂ, ಸ್ವತಃಸಿದ್ಧವೆಂದು ಮೀಮಾಂಸಕರೂ ವಾದಿಸಿದರು. ಉಡುಪಿಯ ಮಧ್ವಾಚಾರ್ಯರೂ, ಅವರ ಮತಕ್ಕೆ ತರ್ಕದ ಕೋಟೆ ಕಟ್ಟಿದ ಮಳಖೇಡದ ಜಯತೀರ್ಥರೂ ಇಲ್ಲಿ ಬಹು ಉಪಯುಕ್ತವಾದ ವಿವೇಕವನ್ನು ತೋರಿದ್ದಾರೆ. ವಸ್ತುವಿದ್ದಂತೆ ಅರಿಯುವ ಜ್ಞಾನವೇ ಕೇವಲಪ್ರಮಾಣ, ಆ ಜ್ಞಾನವನ್ನು ತಂದುಕೊಡುವ ಕರಣವು ಅನುಪ್ರಮಾಣ. ಪ್ರಾಮಾಣ್ಯವನ್ನು ಗ್ರಹಿಸುವವನು ಆತ್ಮಸ್ವರೂಪನಾದ ಸಾಕ್ಷಿ. ದೋಷದ ಶಂಕೆ ಎದ್ದಲ್ಲಿ ಪರೀಕ್ಷೆ ನಡೆಯಲೇಬೇಕು. ಆದರೆ ಪರೀಕ್ಷೆಯ ಕಾರ್ಯ ಶಂಕೆಯನ್ನು ಕಳೆಯುವುದಷ್ಟೇ ಹೊರತು ಸತ್ಯವನ್ನು ಹುಟ್ಟಿಸುವುದಲ್ಲ. ಈ ವಿಭಾಗವನ್ನು ಒಪ್ಪಿದರೆ ನಮ್ಮ ಎಲೆಕ್ಟ್ರೋಡು ಅನುಪ್ರಮಾಣಕ್ಕೆ ಸಹಕಾರಿಯಾದ ಉಪಕರಣ, ಪ್ರಮಾಣಕ ದ್ರಾವಣಗಳು ಪರೀಕ್ಷೆ, ಶಂಕೆ ನಿಂತಲ್ಲಿ ಅನವಸ್ಥೆಯೂ ನಿಲ್ಲುತ್ತದೆ. ಉಪಕರಣಕ್ಕೆ ಜೀವವಿದ್ದರೂ ಈ ಮಾತು ಬದಲಾಗದು: 1934ರಲ್ಲಿ ಮೆಕ್ಲೀನ್ ಮತ್ತು ಹೇಸ್ಟಿಂಗ್ಸ್ ಎಂಬ ಸಂಶೋಧಕರು ಕಪ್ಪೆಯ ಹೃದಯದ ಬಡಿತವನ್ನೇ ಕ್ಯಾಲ್ಸಿಯಂ ಅಯಾನುಗಳ ಅಳತೆಗೋಲಾಗಿ ಬಳಸಿದರು, ಹೃದಯವು ಬಡಿಯಿತು, ಅರಿತವರು ಅವರು.

ಸಾಕ್ಷಿಯೇ ಕೊನೆಯ ನಿರ್ಣಾಯಕನಾದರೆ ತೋಚಿದುದನ್ನೆಲ್ಲ ಸತ್ಯವೆನ್ನಬಹುದಲ್ಲ ಎಂಬ ಆಕ್ಷೇಪ ಸಹಜವಾದುದು. ಪ್ರಶ್ನೆ ಯಾವುದೆಂಬುದನ್ನು ಸ್ಪಷ್ಟಪಡಿಸಿಕೊಳ್ಳದವನಿಗೆ ಮಾತ್ರ ಆ ಅಪಾಯ. ಎಲೆಕ್ಟ್ರೋಡು ಬಲ್ಲುದು ಬಿಡಿಯಾಗಿ ಸಂಚರಿಸುವ ಅಯಾನುಗಳನ್ನು. ಪ್ರೋಟೀನಿಗೋ ಬೇರೆ ಸಂಯುಕ್ತಗಳಿಗೋ ಅಂಟಿಕೊಂಡವುಗಳು ಅದಕ್ಕೆ ಇಲ್ಲದಂತೆಯೇ ಸರಿ. ಮನುಷ್ಯರ ರಕ್ತದಲ್ಲಿ ಸುಮಾರು ಅರ್ಧಪಾಲು ಮಾತ್ರ ಹಾಗೆ ಬಿಡಿಯಾಗಿರುವುದರಿಂದ, ಒಟ್ಟು ಕ್ಯಾಲ್ಸಿಯಂ ಹೇಳುವ ಪರೀಕ್ಷೆಯೂ ಅಯಾನು ಕ್ಯಾಲ್ಸಿಯಂ ಹೇಳುವ ಪರೀಕ್ಷೆಯೂ ಭಿನ್ನ ಅಂಕೆಗಳನ್ನು ಕೊಟ್ಟು ಎರಡೂ ಯಥಾರ್ಥವಾಗಿರಬಲ್ಲವು. ಆದುದರಿಂದ ಉಪಕರಣವು ಸೂಕ್ಷ್ಮವಾದಷ್ಟೂ ಅರಿಯುವವನ ಹೊಣೆ ಹಗುರವಾಗುವುದೆಂಬ ಭರವಸೆ ಸಲ್ಲದು. ಪರೀಕ್ಷೆಗೆ ಒಪ್ಪದೆ ತೀರ್ಪು ಕೊಡುವವನೂ, ಶಂಕೆ ತೀರಿದ ಮೇಲೂ ತೀರ್ಪಿಗೆ ಅಂಜುವವನೂ ಜ್ಞಾನಕ್ಕೆ ಸಮಾನವಾಗಿ ದೂರ.