ಮೊಸರಿನಲ್ಲಿ ಕಲ್ಲು

"ಮೊಸರಿನಲ್ಲಿ ಕಲ್ಲು ಹುಡುಕಬೇಡ" ಎನ್ನುತ್ತಾರೆ ಹಿರಿಯರು. ಈ ಗಾದೆ ಬೈಯುವುದು ಹುಡುಕಲೆಂದೇ ಕೂತವನನ್ನು. ಮನಸ್ಸಿಟ್ಟು ಉಣ್ಣುವಾಗ ತಾನಾಗಿ ಹಲ್ಲಿಗೆ ಸಿಕ್ಕ ಹರಳಿನ ಬಗ್ಗೆ ಅದು ಏನೂ ಹೇಳುವುದಿಲ್ಲ. ಆ ಹರಳನ್ನು ಎತ್ತಿ ತೋರಿಸಿದವನು ಮೊಸರಿಗೆ ದ್ರೋಹ ಮಾಡಿದಂತಲ್ಲ.

ಶಂಕರ್ ನಾಗ್ 1986ರಲ್ಲಿ ಕಿರುತೆರೆಗೆ ತಂದ 'ಮಾಲ್ಗುಡಿ ಡೇಸ್' ನಾಡೆಲ್ಲ ಮೆಚ್ಚಿದ ಧಾರಾವಾಹಿ. ಅದರಲ್ಲಿ ಆರ್.ಕೆ. ನಾರಾಯಣರ 'ಮಿಸ್ಸಿಂಗ್ ಮೇಲ್' ಕಥೆಯ ಕಂತೂ ಇದೆ. ರಾಮಾನುಜಂ ಮಗಳ ಮದುವೆ ಮೇ 20ಕ್ಕೆ ಗೊತ್ತಾಗಿದೆ. ಆ ದಿನ ತಪ್ಪಿದರೆ ಗಂಡು ಕೈತಪ್ಪುತ್ತದೆ. ಅಷ್ಟರಲ್ಲಿ ಸೇಲಂನಿಂದ ಹತ್ತಿರದ ಹಿರಿಯರೊಬ್ಬರ ಸಾವಿನ ಸುದ್ದಿ ಬರುತ್ತದೆ. ಪೋಸ್ಟ್‌ಮನ್ ತಾನಪ್ಪ ಅದನ್ನು ಕೊಡದೆ ಇಟ್ಟುಕೊಳ್ಳುತ್ತಾನೆ, ಮದುವೆ ಮುಗಿದ ಮೇಲೆ ತಾನೇ ತಂದು ಒಪ್ಪಿಸುತ್ತಾನೆ. ಕೆಲಸ ಹೋದರೂ ಹೋಗಲಿ ಎಂದು ನಿಂತ ಅವನ ಅಂತಃಕರಣ ದೊಡ್ಡದು.

ಯಾದಗಿರಿ, ಶಹಾಪುರ, ಸುರಪುರದ ಕಡೆಯವರಿಗೆ ಇದು ದೂರದ ಕಥೆಯಲ್ಲ. ಹಂದರ ಹಾಕಿದ ಮನೆಗೆ ಸಾವಿನ ಸುದ್ದಿ ಬಂದರೆ "ಅಕ್ಕಿಕಾಳ ಬೀಳೋತನ ಸುಮ್ಮನಿರ್ರಿ" ಎಂದು ಯಾರಾದರೂ ಹಿರಿಯರು ತಡೆಯುತ್ತಾರೆ. ಅದಕ್ಕೇ ಇಲ್ಲಿಯ ನೋಡುಗನಿಗೆ ಈ ಕಂತಿನ ಹರಳುಗಳು ಬೇಗ ತಾಗುತ್ತವೆ. ಓಣಿಯಲ್ಲಿ ದಖ್ಖನಿ ಕೇಳುತ್ತ ಬೆಳೆದ ಕಿವಿಗೆ ಈ ಧಾರಾವಾಹಿಯ ಹಿಂದಿ ಯಾವ ಊರಿನದೂ ಅಲ್ಲ ಅನಿಸುತ್ತದೆ. ಚಿತ್ರೀಕರಣ ನಡೆದದ್ದು ಆಗುಂಬೆಯಲ್ಲಿ. ಮೇ ತಿಂಗಳ ಬಿಸಿಲುಂಡ ನಮ್ಮ ಕಣ್ಣಿಗೆ ಮಲೆನಾಡಿನ ತಂಪು ಕಥೆಯ ಊರಿಗೆ ಹೊಂದುವುದಿಲ್ಲ. ಇವೆರಡನ್ನೂ ಮರೆತುಬಿಡಬಹುದು. ನಟನೆ ಮರೆಸಿಬಿಡುತ್ತದೆ.

ಮೂರನೆಯದನ್ನು ಮರೆಯಲಾಗದು. ಸುದ್ದಿ ತಿಳಿದ ರಾಮಾನುಜಂ, ದೂರು ಕೊಡುವುದಿಲ್ಲ, ಆದರೆ ಹೀಗೆ ಮಾಡಬಾರದಿತ್ತು ಎನ್ನುತ್ತಾನೆ. ಕಥೆ ಅಲ್ಲಿಗೇ ನಿಲ್ಲುತ್ತದೆ. ನಮ್ಮಲ್ಲಿ ದುಃಖ ಶುರುವಾಗುವುದೇ ಅಲ್ಲಿಂದ. ಮಣ್ಣಿಗೆ ಹೋಗದವನನ್ನು ಸತ್ತವರ ಮನೆ ಸುಲಭಕ್ಕೆ ಕ್ಷಮಿಸುವುದಿಲ್ಲ. "ಮಣ್ಣಿಗೆ ಯಾಕ ಬರಲಿಲ್ಲೋ ತಮ್ಮಾ?" ಎಂದು ಹೊಸ್ತಿಲಲ್ಲೇ ಕೇಳುತ್ತಾರೆ. ಮಗಳ ತಲೆಗೆ ಅಕ್ಷತೆ ಹಾಕುತ್ತಿದ್ದೆ ಎಂದು ಅವನು ಯಾವ ಬಾಯಿಂದ ಹೇಳಬೇಕು? ನನಗೇನೂ ಗೊತ್ತಿರಲಿಲ್ಲ ಎಂದರೆ ನಂಬುವವರಾರು? ತಾನಪ್ಪ ಉಳಿಸಿದ ಮದುವೆಯ ಬೆಲೆಯನ್ನು ಸೇಲಂನ ಆ ಮನೆಯೂ ತೆತ್ತಿದೆ. ಅವರ ಮುಖವನ್ನು ನಾವು ಒಮ್ಮೆಯಾದರೂ ನೋಡಬೇಕಿತ್ತು.

ನಾರಾಯಣರ ಮಿತವಾದ ಬರವಣಿಗೆಗೆ ಅಷ್ಟು ಸಾಕು, ಓದುಗ ಉಳಿದದ್ದನ್ನು ತುಂಬಿಕೊಳ್ಳುತ್ತಾನೆ ಎಂಬ ವಾದವಿದೆ. ಒಪ್ಪುತ್ತೇನೆ. ಆದರೂ ತೆರೆಯ ಮೇಲೆ ಒಂದು ದೃಶ್ಯ ಕಡಿಮೆಯಾಯಿತು ಎಂದೇ ನನ್ನ ತೀರ್ಮಾನ.

ಈ ಕಂತನ್ನು ತಪ್ಪದೆ ನೋಡಿ. ಯಾರದೋ ಮಣ್ಣು ತಪ್ಪಿದ ಹಿರಿಯರು ಮನೆಯಲ್ಲಿದ್ದರೆ ಅವರನ್ನೂ ಪಕ್ಕದಲ್ಲಿ ಕೂಡಿಸಿಕೊಳ್ಳಿ.